'ನಾವು' ಅಂದರೆ ಯಾರು? ಇಂಗ್ಲಿಷ್ ಸನ್ನದಿನಿಂದ ಅಮೆರಿಕದ ಪೀಠಿಕೆಯವರೆಗೆ: ಜಹೀರಾಬಾದ್, ನಾರಾಯಣಖೇಡ, ತಾಂಡೂರಿನಿಂದ ಒಂದು ಓದು

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಸಂವಾದದ ಭಾಗವಿದೆ.)

ಊರಿನಿಂದಲೇ ಮಾತಾಡ್ತಾ ಇದೀನಿ. ನಡುವೆ ನೆಟ್‌ವರ್ಕ್ ಹೋದರೆ ದಯವಿಟ್ಟು ಸ್ವಲ್ಪ ತಾಳಿಕೊಳ್ಳಿ.

1. ಪ್ರವೇಶ

ನಾನು ಜಹೀರಾಬಾದ್ ಕಡೆಯವನು. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ದಖನಿ, ಶಾಲೆಯಲ್ಲಿ ತೆಲುಗು. ಐದನೆಯ ತರಗತಿಯಲ್ಲಿದ್ದಾಗ ಒಬ್ಬ ಗೆಳೆಯನಿಗೆ ತೆಲುಗಿನಲ್ಲಿ 'ನಾವು ಕೆರೆ ಕಡೆ ಹೋಗ್ತಾ ಇದೀವಿ' ಅಂತ ಹೇಳಬೇಕಿತ್ತು. ಅವನೂ ಬರ್ತಾನೆ ಅನ್ನೋದು ನನ್ನ ಲೆಕ್ಕ. "ಮೇಮು ಪೋತುನ್ನಾಂ" ಅಂದೆ. ಅವನ ಮುಖ ಸಣ್ಣದಾಯಿತು. "ಮರಿ ನೇನು?" ಅಂದ. ಅಂದರೆ, ಹಾಗಾದರೆ ನಾನು?

ತೆಲುಗಿನಲ್ಲಿ 'ನಾವು' ಎರಡು. ಎದುರಿಗೆ ಇರುವವರನ್ನೂ ಸೇರಿಸಿಕೊಂಡರೆ 'ಮನಮು'. ಅವರನ್ನು ಬಿಟ್ಟು ಹೇಳಿದರೆ 'ಮೇಮು'. ನಮ್ಮ ಕಡೆ ಕೇಳಿಬರುವ ಮರಾಠಿಯಲ್ಲೂ 'ಆಪಣ' ಬೇರೆ, 'ಆಮ್ಹಿ' ಬೇರೆ. ಎರಡರ ನಡುವೆ ಕೂತಿರುವ ಇಂದಿನ ಕನ್ನಡದಲ್ಲಿ ಮಾತ್ರ ಒಂದೇ 'ನಾವು'. ಯಾರು ಒಳಗೆ, ಯಾರು ಹೊರಗೆ ಅನ್ನೋದನ್ನು ಸಂದರ್ಭದಿಂದ ಊಹಿಸಬೇಕು. ಇಂಗ್ಲಿಷೂ ಈ ವಿಷಯದಲ್ಲಿ ಕನ್ನಡದ ಹಾಗೇ.

ಅಮೆರಿಕದ ಆಡಳಿತದ ಇಂಗ್ಲಿಷ್ ಬೇರುಗಳ ಬಗ್ಗೆ ಪ್ರಬಂಧ ಬರೀತೀನಿ ಅಂದಾಗ, ಅದು ರಾಜ್ಯಶಾಸ್ತ್ರದವರ ವಿಷಯ ಅಲ್ವಾ ಅಂತ ಗೆಳೆಯರು ಕೇಳಿದ್ರು. ನನ್ನ ಉತ್ತರ ಇಷ್ಟು. ಸನ್ನದು, ಒಡಂಬಡಿಕೆ, ಸಂವಿಧಾನ ಇವೆಲ್ಲ ಪಠ್ಯಗಳು. ಪಠ್ಯಕ್ಕೆ ಒಬ್ಬ ನಿರೂಪಕ ಇರ್ತಾನೆ, ಒಂದು ಸರ್ವನಾಮ ಇರುತ್ತೆ, ಒಂದು ಕ್ರಿಯಾಪದ ಇರುತ್ತೆ. ಕಥೆ, ಕಾವ್ಯ ಓದುವಾಗ ನಾವು ಕೇಳುವ ಪ್ರಶ್ನೆಗಳನ್ನೇ ಇಲ್ಲೂ ಕೇಳಬಹುದು: ಯಾರು ಮಾತಾಡ್ತಿದ್ದಾರೆ? ಯಾರ ಪರವಾಗಿ? 'ಮರಿ ನೇನು?' ಅಂತ ಕೇಳುವವರಿಗೆ ಆ ವಾಕ್ಯದಲ್ಲಿ ಜಾಗ ಇದೆಯಾ?

2. ರಾಜನ 'ನಾವು'

1215ರ ಜೂನ್‌ನಲ್ಲಿ ರನ್ನಿಮೀಡ್ ಹುಲ್ಲುಗಾವಲಿನಲ್ಲಿ ಇಂಗ್ಲೆಂಡಿನ ಜಾನ್ ದೊರೆ ಮ್ಯಾಗ್ನಾ ಕಾರ್ಟಾಕ್ಕೆ ಮುದ್ರೆ ಒತ್ತಿದ. ಪ್ರಜಾಪ್ರಭುತ್ವದ ಮೂಲ ಅಂತ ಪಠ್ಯಪುಸ್ತಕಗಳು ಇದನ್ನು ಹೊಗಳುತ್ತವೆ. ಆದರೆ ಲ್ಯಾಟಿನ್ನಿನಲ್ಲಿರುವ ಆ ಸನ್ನದಿನಲ್ಲಿ 'ನಾವು' ಅಂತ ಮಾತಾಡುವವನು ಜನ ಅಲ್ಲ, ರಾಜ. ಒಬ್ಬನೇ ಇದ್ದರೂ ಬಹುವಚನ. ನಮ್ಮ ಶಾಸನಗಳ ಓದುಗರಿಗೂ, ಮಠಗಳ ಮಾತು ಕೇಳಿದವರಿಗೂ ಈ ಗೌರವದ ಬಹುವಚನ ಹೊಸದಲ್ಲ. ಸ್ವತಂತ್ರ ಪುರುಷನನ್ನು ನೆಲದ ಕಾನೂನಿನ ಪ್ರಕಾರ ಅಲ್ಲದೆ ಬಂಧಿಸುವುದಿಲ್ಲ ಎಂಬ ಪ್ರಸಿದ್ಧ 39ನೆಯ ಕಲಮಿನಲ್ಲೂ ಮಾತು ಕೊಡುವವನು ರಾಜನೇ. 'ಸ್ವತಂತ್ರ ಪುರುಷ' ಎಂಬ ಪದದ ಹೊರಗೆ, ಒಡೆಯನ ಭೂಮಿಗೆ ಕಟ್ಟುಬಿದ್ದಿದ್ದ ರೈತರು ಉಳಿದರು.

ಅದೇ ವರ್ಷ ಆಗಸ್ಟ್‌ನಲ್ಲಿ ಪೋಪ್ ಈ ಸನ್ನದನ್ನು ರದ್ದು ಮಾಡಿದ. ಆಮೇಲೆ ಹಲವು ಸಲ ಹೊರಟು, 1225ರ ಪಾಠ ಗಟ್ಟಿಯಾಗಿ ನಿಂತಿತು. ಹದಿನೇಳನೆಯ ಶತಮಾನದಲ್ಲಿ ಪಾರ್ಲಿಮೆಂಟಿನವರು ರಾಜನ ಮಾತನ್ನೇ ರಾಜನ ಮುಂದೆ ಹಿಡಿದರು. 1628ರ ಹಕ್ಕುಗಳ ಮನವಿ, 1689ರ ಹಕ್ಕುಗಳ ಮಸೂದೆ ಎರಡರಲ್ಲೂ ಈ ಓದಿನ ನೆರಳಿದೆ. ಬರೆದವನ ಉದ್ದೇಶ ಒಂದು, ಓದಿದವರು ಮಾಡಿಕೊಂಡ ಉಪಯೋಗ ಇನ್ನೊಂದು. ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದು ಗೊತ್ತಿರುವ ಸಂಗತಿಯೇ.

3. ಹಡಗಿನ 'ನಾವು'

1606ರಲ್ಲಿ ಮೊದಲನೆಯ ಜೇಮ್ಸ್ ವರ್ಜೀನಿಯಾಕ್ಕೆ ಕೊಟ್ಟ ಸನ್ನದು, ಅಲ್ಲಿಗೆ ಹೋದವರಿಗೂ ಅವರ ಮಕ್ಕಳಿಗೂ ಇಂಗ್ಲೆಂಡಿನಲ್ಲೇ ಹುಟ್ಟಿದವರಷ್ಟು ಹಕ್ಕು ಇದೆ ಎಂದಿತು. 1619ರ ಜುಲೈ 30ರಂದು ಜೇಮ್ಸ್‌ಟೌನ್ ಚರ್ಚಿನಲ್ಲಿ ವರ್ಜೀನಿಯಾದ ಪ್ರತಿನಿಧಿ ಸಭೆ ಮೊದಲ ಬಾರಿಗೆ ಸೇರಿತು. ಅದೇ ಬೇಸಿಗೆ ಮುಗಿಯುವ ಹೊತ್ತಿಗೆ, ಆಫ್ರಿಕಾದಿಂದ ಸೆರೆಹಿಡಿದು ತಂದ ಇಪ್ಪತ್ತಕ್ಕೂ ಮೇಲ್ಪಟ್ಟು ಜನರನ್ನು ಒಂದು ಹಡಗು ಅದೇ ವಸಾಹತಿನ ದಡಕ್ಕೆ ತಂದು ಇಳಿಸಿತು. ಇವೆರಡನ್ನು ಬೇರೆ ಬೇರೆ ಅಧ್ಯಾಯಗಳಲ್ಲಿ ಓದೋದು ಸುಲಭ. ಒಂದೇ ಪುಟದಲ್ಲಿ ಇಟ್ಟು ಓದಿದಾಗಲೇ 'ನಾವು' ಎಷ್ಟು ಇಕ್ಕಟ್ಟಿನ ಪದ ಅಂತ ಕಾಣುತ್ತೆ.

ಮರುವರ್ಷದ ಮೇಫ್ಲವರ್ ಒಡಂಬಡಿಕೆ ನನಗೆ ಹೆಚ್ಚು ಹತ್ತಿರದ್ದು. ಅದು ಒಂದು ರೀತಿಯಲ್ಲಿ ಗಡಿಯ ಕಥೆ. ಹಡಗಿನವರಿಗೆ ಸಿಕ್ಕಿದ್ದ ಪರವಾನಗಿ ವರ್ಜೀನಿಯಾ ಎಲ್ಲೆಯೊಳಗಿನ ನೆಲಕ್ಕೆ. ಅವರು ಬಂದು ಮುಟ್ಟಿದ್ದು ಅದಕ್ಕಿಂತ ಉತ್ತರದ ಕೇಪ್ ಕಾಡ್. ಪರವಾನಗಿಯ ನೆಲ ಇದಲ್ಲ ಅಂದಮೇಲೆ ನಮ್ಮ ಮೇಲೆ ಯಾರ ಅಧಿಕಾರವೂ ಇಲ್ಲ ಅಂತ ಕೆಲವರು ತಕರಾರು ತೆಗೆದರು. ಆಗ, 1620ರ ನವೆಂಬರ್‌ನಲ್ಲಿ, ಸುಮಾರು ನೂರು ಪ್ರಯಾಣಿಕರಲ್ಲಿ 41 ಮಂದಿ ಗಂಡಸರು 'ಕೆಳಗೆ ಹೆಸರು ಹಾಕಿರುವ ನಾವು' ಎಂಬ ಅರ್ಥದ ಮಾತಿನಿಂದ ಒಂದು ಕಾಗದ ಬರೆದುಕೊಂಡರು. ನಮಗೆ ನಾವೇ ಒಂದು ಸಮಾಜವಾಗಿ ಕೂಡಿಕೊಳ್ತೀವಿ, ನಾವು ಮಾಡಿಕೊಂಡ ಕಾನೂನಿಗೆ ತಲೆಬಾಗ್ತೀವಿ ಎಂಬುದು ಅದರ ಸಾರ. ಮೂಲ ಪ್ರತಿ ಉಳಿದಿಲ್ಲ. ನಮ್ಮ ಎಷ್ಟೋ ಹಳೆಯ ಕೃತಿಗಳ ಹಾಗೆ ಇದೂ ನಕಲುಗಳ ಮೂಲಕವೇ ಬಂದಿದೆ.

ಇಲ್ಲಿ 'ನಾವು' ರಾಜನ ಬಾಯಿಂದ ಇಳಿದು ಸಹಿ ಹಾಕಿದವರ ಬಾಯಿಗೆ ಬಂತು. ಆದರೂ ಅವರು ತಮ್ಮನ್ನು ಜೇಮ್ಸ್ ದೊರೆಯ ನಿಷ್ಠಾವಂತ ಪ್ರಜೆಗಳೆಂದೇ ಕರೆದುಕೊಂಡರು. ಹಡಗಿನಲ್ಲಿದ್ದ ಹೆಂಗಸರ ಸಹಿ ಇಲ್ಲ. ಆ ದಡದಲ್ಲಿ ಮೊದಲಿನಿಂದ ಬಾಳುತ್ತಿದ್ದ ವಾಂಪನೋಗ್ ಜನರ ಮಾತಂತೂ ಇಲ್ಲವೇ ಇಲ್ಲ. ತೆಲುಗಿಗೆ ಅನುವಾದ ಮಾಡಿದರೆ ಇದು ಖಂಡಿತ 'ಮೇಮು'.

4. ಫಿಲಡೆಲ್ಫಿಯಾ: ಊರ ಹೆಸರು ಅಳಿಸಿದ ಕೈ

ಈಗ 1787ಕ್ಕೆ ಬರ್ತೀನಿ. ನಡುವಿನದು ಪ್ರಸಿದ್ಧ ಕಥೆ: ತಮ್ಮ ಪ್ರತಿನಿಧಿಗಳಿಲ್ಲದ ಪಾರ್ಲಿಮೆಂಟು ತೆರಿಗೆ ಹಾಕಿದಾಗ, 1689ರ ತತ್ವವನ್ನೇ ಹಿಡಿದು ವಸಾಹತಿನವರು ತಿರುಗಿಬಿದ್ದರು. 1776ರಲ್ಲಿ ಬೇರೆಯಾದರು. 1781ರಲ್ಲಿ ಜಾರಿಗೆ ಬಂದ ಮೊದಲ ಒಕ್ಕೂಟ ಸಡಿಲವಾಗಿ, ಫಿಲಡೆಲ್ಫಿಯಾದಲ್ಲಿ ಹೊಸ ಸಂವಿಧಾನಕ್ಕೆ ಕೂತರು.

ಆಗಸ್ಟ್ 6ರ ಕರಡಿನ ಪೀಠಿಕೆಯಲ್ಲಿ 'ನಾವು, ಜನ' ಎಂದ ಮೇಲೆ ಹದಿಮೂರು ರಾಜ್ಯಗಳ ಹೆಸರು ಸಾಲಾಗಿ ಇದ್ದವು. ಸಭೆಗೆ ಪ್ರತಿನಿಧಿಗಳನ್ನೇ ಕಳಿಸದ ರೋಡ್ ಐಲೆಂಡಿನ ಹೆಸರೂ ಇತ್ತು. ಸೆಪ್ಟೆಂಬರ್‌ನಲ್ಲಿ ಭಾಷೆ ತಿದ್ದುವ ಸಮಿತಿಗೆ ಕರಡು ಹೋಯಿತು. ಅಲ್ಲಿ ಮುಖ್ಯವಾಗಿ ಗವರ್ನರ್ ಮಾರಿಸ್ ಅವರ ಕೈಯಲ್ಲಿ ಆ ಹೆಸರುಗಳೆಲ್ಲ ಅಳಿದು, 'ಸಂಯುಕ್ತ ಸಂಸ್ಥಾನಗಳ ಜನರಾದ ನಾವು' ಎಂದಾಯಿತು. (ಇಲ್ಲಿ ಗವರ್ನರ್ ಅನ್ನೋದು ಅವರ ಹೆಸರು, ಹುದ್ದೆ ಅಲ್ಲ.) ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ ತೀರಾ ವ್ಯಾವಹಾರಿಕವಾದದ್ದು. ಒಂಬತ್ತು ರಾಜ್ಯ ಒಪ್ಪಿದರೆ ಸಂವಿಧಾನ ಜಾರಿಗೆ ಬರುತ್ತಿತ್ತು. ಯಾವ ಒಂಬತ್ತು ಅಂತ ಯಾರಿಗೂ ಗೊತ್ತಿರಲಿಲ್ಲ.

ವ್ಯಾವಹಾರಿಕ ತಿದ್ದುಪಡಿಯೊಂದು ಅರ್ಥವನ್ನೇ ಬದಲಿಸಿತು. 1788ರಲ್ಲಿ ವರ್ಜೀನಿಯಾದ ಸಭೆಯಲ್ಲಿ ಪ್ಯಾಟ್ರಿಕ್ ಹೆನ್ರಿ, 'ರಾಜ್ಯಗಳಾದ ನಾವು' ಅನ್ನದೆ 'ಜನರಾದ ನಾವು' ಅನ್ನಲು ಇವರಿಗೆ ಅಧಿಕಾರ ಕೊಟ್ಟವರು ಯಾರು ಅಂತ ಕೇಳಿದರು. ಸರ್ವನಾಮದ ಬಗ್ಗೆ ಇಷ್ಟು ನೇರವಾದ ವಿಮರ್ಶೆ ಕಡಿಮೆ. ಹೆನ್ರಿ ಸ್ವತಃ ಗುಲಾಮರನ್ನು ಇಟ್ಟುಕೊಂಡಿದ್ದರು ಅನ್ನೋದನ್ನೂ ಇಲ್ಲೇ ಹೇಳಬೇಕು. ತಮ್ಮ ರಾಜ್ಯದ ಪರವಾಗಿ 'ಮರಿ ನೇನು?' ಅಂದವರಿಗೆ ತಮ್ಮ ಹೊಲದಲ್ಲಿ ದುಡಿಯುವವರ ಅದೇ ಪ್ರಶ್ನೆ ಕೇಳಿಸಲಿಲ್ಲ.

ಆ ಪ್ರಶ್ನೆಯನ್ನು ಎತ್ತಿದವರಲ್ಲಿ ಫ್ರೆಡರಿಕ್ ಡಗ್ಲಾಸ್ ಒಬ್ಬರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಈ ಮಾತುಗಾರ 1852ರ ಜುಲೈ 5ರಂದು ರೋಚೆಸ್ಟರಿನಲ್ಲಿ ಸ್ವಾತಂತ್ರ್ಯ ದಿನದ ಭಾಷಣ ಮಾಡಿದರು. ಅದರಲ್ಲಿ ಆ ಹಬ್ಬ 'ನಿಮ್ಮದು', ಆ ಹಿರಿಯರು 'ನಿಮ್ಮವರು'. ಸಭಿಕರ 'ನಾವು' ಒಳಗೆ ತಾನಿಲ್ಲ ಅನ್ನೋದನ್ನು ಸರ್ವನಾಮದಲ್ಲೇ ತೋರಿಸಿಕೊಟ್ಟರು. ಅದೇ ಡಗ್ಲಾಸ್ 1860ರಲ್ಲಿ ಗ್ಲಾಸ್ಗೋದಲ್ಲಿ ಮಾಡಿದ ವಾದ ಇನ್ನೂ ಸೂಕ್ಷ್ಮ. ಪೀಠಿಕೆಯಲ್ಲಿ ಜನ ಅಂತ ಇದೆ, ಬಿಳಿಯ ಜನ ಅಂತ ಇಲ್ಲ. ಬರೆದವರ ಮನಸ್ಸಿನಲ್ಲಿ ಏನೇ ಇರಲಿ, ಪಠ್ಯದಲ್ಲಿ ಇರುವುದನ್ನು ಓದಿ ಅಂದರು.

ನನ್ನ ಪ್ರಬಂಧದ ಮುಖ್ಯ ಮಾತು ಇಲ್ಲಿದೆ. ಇಂಗ್ಲಿಷಿನ ಮತ್ತು ಕನ್ನಡದ 'ನಾವು' ಯಾರನ್ನು ಬಿಟ್ಟಿದೆ ಅಂತ ಬಾಯಿಬಿಟ್ಟು ಹೇಳುವುದಿಲ್ಲ. ಅದು ಮೋಸವೂ ಹೌದು, ಬಾಗಿಲೂ ಹೌದು. ಹೊರಗೆ ನಿಂತವರು ಒಂದು ದಿನ ಬಂದು, ಇದರಲ್ಲಿ ನಾನೂ ಇದೀನಿ ಅಂತ ಓದಬಹುದು. 1865, 1868, 1870ರ ತಿದ್ದುಪಡಿಗಳು, ಹೆಂಗಸರ ಮತದ 1920ರ ತಿದ್ದುಪಡಿ ಇವೆಲ್ಲ ಹಾಗೆ ಒಳಗೆ ಬಂದವರ ಹೆಜ್ಜೆ ಗುರುತು. ಆದರೆ ಅದಕ್ಕೆ ಪಠ್ಯದಲ್ಲಿ ಮೊದಲು ಒಂದು 'ನಾವು' ಇರಬೇಕು.

5. ನಮ್ಮ ಮೂರು ತಾಲ್ಲೂಕು

ಈಗ ಊರಿಗೆ ಬರೋಣ. ನಮ್ಮ ಮುತ್ಯಾನ ಹಳೆಯ ಕಾಗದದಲ್ಲಿ ಉರ್ದುವಿನಲ್ಲಿ 'ಜಿಲ್ಲಾ ಬೀದರ್' ಅಂತ ಇದೆ. ಅಪ್ಪನ ಸರ್ಟಿಫಿಕೇಟಿನಲ್ಲಿ ಮೆದಕ್. ನನ್ನ ಕಾಗದಗಳಲ್ಲಿ ಈಗ ಸಂಗಾರೆಡ್ಡಿ. ಮನೆ ಮಾತ್ರ ಅದೇ, ಬೇವಿನ ಗಿಡವೂ ಅದೇ. ತಾಂಡೂರಿನವರದ್ದು ಇನ್ನೂ ಉದ್ದದ ಪಟ್ಟಿ: ಗುಲಬರ್ಗಾ, ಹೈದರಾಬಾದ್, 1978ರಿಂದ ರಂಗಾರೆಡ್ಡಿ, 2016ರಿಂದ ವಿಕಾರಾಬಾದ್. ಮೇಫ್ಲವರಿನವರು ಗಡಿ ದಾಟಿ ಹೋಗಿದ್ದರು. ನಾವು ಕೂತಲ್ಲೇ ಇದ್ದೆವು, ಗಡಿ ನಮ್ಮನ್ನು ದಾಟಿ ಹೋಯಿತು.

ಇದನ್ನು ಮಾಡಿದ ಪಠ್ಯ 1956ರ ರಾಜ್ಯಗಳ ಪುನರ್‌ವಿಂಗಡಣೆ ಕಾಯ್ದೆಯ 3ನೆಯ ಕಲಂ. ಆಂಧ್ರ ಪ್ರದೇಶಕ್ಕೆ ಸೇರಬೇಕಾದ ಹೈದರಾಬಾದ್ ರಾಜ್ಯದ ಭಾಗಗಳ ಪಟ್ಟಿ ಅದು. ಅದರಲ್ಲಿ ಗುಲಬರ್ಗಾ ಜಿಲ್ಲೆಯ ತಾಂಡೂರು ತಾಲ್ಲೂಕು ಬರುತ್ತೆ. ಬೀದರ್ ಜಿಲ್ಲೆಯಿಂದ ಜಹೀರಾಬಾದ್ ತಾಲ್ಲೂಕು, ಬೀದರ್ ತಾಲ್ಲೂಕಿನ ನ್ಯಾಲಕಲ್ ಸರ್ಕಲ್, ನಾರಾಯಣಖೇಡ ತಾಲ್ಲೂಕು ಬರುತ್ತವೆ. ಜಹೀರಾಬಾದ್ ಪಕ್ಕದಲ್ಲಿ ಕಂಸದೊಳಗೆ, ನಿರ್ಣಾ ಸರ್ಕಲ್ ಬಿಟ್ಟು ಅಂತ ಇದೆ. ಸರ್ಕಲ್ ಅಂದರೆ ಕಂದಾಯದ ಲೆಕ್ಕಕ್ಕೆ ಕೂಡಿಸಿದ ಹಳ್ಳಿಗಳ ಗುಂಪು. ಒಂದು ಕಂಸದಿಂದ ನಿರ್ಣಾದ ಹಳ್ಳಿಗಳು ಬೀದರಿನಲ್ಲಿ ಉಳಿದವು. ಕಂಸದ ಹೊರಗಿದ್ದವರು ಮೆದಕ್ ಜಿಲ್ಲೆಯವರಾದರು. ಕಾವ್ಯದಲ್ಲಿ ಕೂಡ ಕಂಸಕ್ಕೆ ಇಷ್ಟು ಶಕ್ತಿ ಇರೋದನ್ನು ನಾನು ನೋಡಿಲ್ಲ.

ಫಿಲಡೆಲ್ಫಿಯಾದಲ್ಲಿ ಊರ ಹೆಸರು ಅಳಿಸಿ 'ನಾವು' ಉಳಿಸಿದರು. ಇಲ್ಲಿ ಊರ ಹೆಸರಷ್ಟೇ ಇದೆ, 'ನಾವು' ಇಲ್ಲ. ಇಡೀ ಕಲಂ ಪ್ರಥಮ ಪುರುಷದಲ್ಲಿದೆ. ಜನ ಅನ್ನೋ ಪದ ಬೇಕಾಗಿಲ್ಲ, ತಾಲ್ಲೂಕು ಸಾಕು.

ಯಾಕೆ ಹೀಗೆ? ಇಲ್ಲಿ ಇಂಗ್ಲಿಷ್ ಬೇರಿನ ಪ್ರಶ್ನೆ ಮತ್ತೆ ಬರುತ್ತೆ. ಅಮೆರಿಕದ ಸಂವಿಧಾನದ ನಾಲ್ಕನೆಯ ವಿಧಿಯ ಪ್ರಕಾರ, ಒಂದು ರಾಜ್ಯದ ನೆಲದಲ್ಲಿ ಇನ್ನೊಂದು ರಾಜ್ಯ ಕಟ್ಟಬೇಕಾದರೆ ಆ ರಾಜ್ಯದ ಶಾಸನಸಭೆಯ ಒಪ್ಪಿಗೆ ಬೇಕು. ನಮ್ಮ ಸಂವಿಧಾನದ 3ನೆಯ ಅನುಚ್ಛೇದದಲ್ಲಿ ಶಾಸನಸಭೆಯ ಅಭಿಪ್ರಾಯ ಕೇಳಿದರೆ ಸಾಕು. 1955ರ ಡಿಸೆಂಬರ್‌ನಲ್ಲಿ, ಪುನರ್‌ವಿಂಗಡಣೆಗೆ ಸ್ವಲ್ಪ ಮುಂಚೆ, ಐದನೆಯ ತಿದ್ದುಪಡಿ ತಂದು ಆ ಅಭಿಪ್ರಾಯಕ್ಕೂ ಗಡುವು ಹಾಕಿದರು. ಈ ಅನುಚ್ಛೇದದ ಹಿಂದೆ ಇರುವುದು ಬ್ರಿಟಿಷರ 1935ರ ಭಾರತ ಸರ್ಕಾರ ಕಾಯ್ದೆಯ 290ನೆಯ ಕಲಂ. ಅದರಲ್ಲಿ ಪ್ರಾಂತಗಳ ಗಡಿ ಬದಲಿಸುವ ಅಧಿಕಾರ ದೊರೆಯದು.

ಅಂದರೆ ಒಂದೇ ಇಂಗ್ಲಿಷ್ ಬೇರಿನಿಂದ ಎರಡು ಕೊಂಬೆ ಒಡೆದಿವೆ. ಒಂದು ಮ್ಯಾಗ್ನಾ ಕಾರ್ಟಾದಿಂದ ಅಮೆರಿಕದ ಮೂಲಕ ಬಂದದ್ದು, ಒಪ್ಪಿಗೆಯ ಭಾಷೆಯದ್ದು. ಇನ್ನೊಂದು ಲಂಡನ್ನಿನಿಂದ ವಸಾಹತಿಗೆ ಬಂದದ್ದು, ಆಜ್ಞೆಯ ಭಾಷೆಯದ್ದು. ನಮ್ಮ ಸಂವಿಧಾನದ ಪೀಠಿಕೆಯ 'ನಾವು' ಮೊದಲನೆಯ ಕೊಂಬೆಯದು. ಗಡಿ ಎಳೆಯುವ ಅಧಿಕಾರ ಎರಡನೆಯದರದು. ಹೈದರಾಬಾದಿನವರಿಗೆ ಆ ಪೀಠಿಕೆ ಮುಟ್ಟಿದ್ದೂ ವಿಚಿತ್ರ ದಾರಿಯಲ್ಲಿ: 1949ರ ನವೆಂಬರ್‌ನಲ್ಲಿ ನಿಜಾಮರು ಫರ್ಮಾನು ಹೊರಡಿಸಿ ಸಂವಿಧಾನವನ್ನು ಒಪ್ಪಿಕೊಂಡರು. ಜನರ 'ನಾವು' ನಮ್ಮ ಮನೆಗೆ ರಾಜನ ಕೈಯಿಂದ ಬಂತು.

6. 'ಬಾರದು', 'ಕೂಡದು', 'ಪ್ರಯತ್ನ'

ಇನ್ನೊಂದೇ ಮಾತು, ಕ್ರಿಯಾಪದದ ಬಗ್ಗೆ. ವಿಪರೀತ ಜಾಮೀನು, ಕ್ರೂರ ಶಿಕ್ಷೆಗಳ ಬಗ್ಗೆ 1689ರ ಇಂಗ್ಲಿಷ್ ಮಸೂದೆಯಲ್ಲಿ ಒಂದು ವಾಕ್ಯವಿದೆ. 1791ರ ಅಮೆರಿಕದ ಎಂಟನೆಯ ತಿದ್ದುಪಡಿ ಅದನ್ನು ಹೆಚ್ಚುಕಡಿಮೆ ಹಾಗೇ ಎತ್ತಿಕೊಂಡಿದೆ. ಮುಖ್ಯವಾಗಿ ಬದಲಾದದ್ದು ಒಂದು ಸಹಾಯಕ ಕ್ರಿಯಾಪದ. ಹಳೆಯದರಲ್ಲಿ ಹಾಗೆ ಮಾಡುವುದು ಸರಿಯಲ್ಲ, ಮಾಡಬಾರದು ಎಂಬ ನೀತಿಯ ದನಿ. ಹೊಸದರಲ್ಲಿ ಮಾಡಕೂಡದು ಎಂಬ ಕಟ್ಟಪ್ಪಣೆ. ಬುದ್ಧಿಮಾತು ಕಾನೂನಾಗಿದ್ದು ಆ ಒಂದು ಪದದಿಂದ.

ಇದನ್ನು ಕೈಯಲ್ಲಿ ಹಿಡಿದು ನಮ್ಮ ಸಂವಿಧಾನದ 350ಎ ಅನುಚ್ಛೇದ ಓದಿ ನೋಡ್ರಿ. ರಾಜ್ಯ ಪುನರ್‌ವಿಂಗಡಣೆ ಜಾರಿಗೆ ಬಂದ 1956ರ ನವೆಂಬರ್ 1ರಂದೇ, ಏಳನೆಯ ತಿದ್ದುಪಡಿಯ ಮೂಲಕ ಇದೂ ಜಾರಿಗೆ ಬಂತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸೌಲಭ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಸ್ಥಳೀಯ ಸಂಸ್ಥೆಯೂ ಪ್ರಯತ್ನಿಸತಕ್ಕದ್ದು ಎಂದು ಅದರ ಅರ್ಥ. ರಾಷ್ಟ್ರಪತಿಗಳು ನಿರ್ದೇಶನ ಕೊಡಬಹುದು ಅಂತಲೂ ಇದೆ. ಆದರೆ ವಾಕ್ಯದ ಜೀವ 'ಪ್ರಯತ್ನ' ಎಂಬ ಪದದಲ್ಲಿದೆ. ಗಡಿ ಎಳೆದ ಕಲಮಿನಲ್ಲಿ ಪ್ರಯತ್ನ ಎಂಬ ಮಾತಿಲ್ಲ, ಅಲ್ಲಿ ಎಲ್ಲವೂ ಆಗತಕ್ಕದ್ದು. ಕಲಿಸುವ ಕಲಮಿಗೆ ಬಂದಾಗ ಪ್ರಯತ್ನ.

ನಮ್ಮ ಕಡೆಯ ಒಂದು ಶಾಲೆ, ಹೆಸರು ಬೇಡ. ಕನ್ನಡ ಮಾಸ್ತರ್ ನಿವೃತ್ತರಾದ ಮೇಲೆ ಆ ಜಾಗ ಖಾಲಿ ಉಳಿಯಿತು. ಕನ್ನಡ ಕಲಿಸಬೇಡಿ ಅಂತ ಯಾರೂ ಆದೇಶ ಹೊರಡಿಸಲಿಲ್ಲ. ಯಾರೂ ಕಾನೂನು ಮುರಿಯಲಿಲ್ಲ. ಪ್ರಯತ್ನ ನಿಂತಿತು, ಅಷ್ಟೇ. ನಾನು ಆ ಮಾಸ್ತರರ ಕೊನೆಯ ವರ್ಷಗಳ ವಿದ್ಯಾರ್ಥಿ. ನನ್ನ ತಂಗಿ ನನಗಿಂತ ಆರು ವರ್ಷ ಚಿಕ್ಕವಳು. ಮನೆಯಲ್ಲಿ ನನಗಿಂತ ಚೆನ್ನಾಗಿ ಕನ್ನಡ ಮಾತಾಡ್ತಾಳೆ, ಆದರೆ ಓದಲು ಬರುವುದಿಲ್ಲ. ಈ ಪ್ರಬಂಧ ಪ್ರಕಟವಾದರೆ ನಾನೇ ಅವಳಿಗೆ ಓದಿ ಹೇಳಬೇಕು.

7. ಸಮಾರೋಪ

ಇದು ಗಡಿ ವಾಪಸ್ ಕೇಳುವ ಪ್ರಬಂಧ ಅಲ್ಲ. ತೆಲುಗು ಮಾತಾಡುವವರೇ ಹೆಚ್ಚು ಎಂಬ ಆಧಾರದ ಮೇಲೆ ಈ ತಾಲ್ಲೂಕುಗಳು ಆ ಕಡೆ ಹೋದವು, ಆ ತರ್ಕ ನನಗೆ ಅರ್ಥವಾಗುತ್ತೆ. ತೆಲುಗು ನನಗೆ ಅನ್ನ ಕೊಡುವ ಭಾಷೆ, 'ಮನಮು' ಮತ್ತು 'ಮೇಮು' ವ್ಯತ್ಯಾಸ ಕಲಿಸಿದ ಭಾಷೆ. ನನ್ನ ವಾದ ಇಷ್ಟೇ. ಅಮೆರಿಕದ ಆಡಳಿತವು ಇಂಗ್ಲೆಂಡಿನಿಂದ ಪಡೆದದ್ದನ್ನು ಸಾಮಾನ್ಯವಾಗಿ ಸಂಸ್ಥೆಗಳ ಪಟ್ಟಿಯಾಗಿ ಹೇಳ್ತಾರೆ: ಎರಡು ಸದನ, ಜ್ಯೂರಿ, ತೆರಿಗೆಗೆ ಒಪ್ಪಿಗೆ. ಅದರ ಜೊತೆಗೆ ಪಡೆದದ್ದು ಒಂದು ವ್ಯಾಕರಣ. ರಾಜನ 'ನಾವು' ಜನರ 'ನಾವು' ಆದದ್ದು, 'ಬಾರದು' ಎಂಬುದು 'ಕೂಡದು' ಆದದ್ದು ಆ ವ್ಯಾಕರಣದಲ್ಲಿ. ನಮ್ಮ ಮೂರು ತಾಲ್ಲೂಕುಗಳ ಪಠ್ಯದಲ್ಲಿ ಈ ಎರಡೂ ಬದಲಾವಣೆ ಇನ್ನೂ ಬಾಕಿ ಇವೆ.

ಸಂವಾದ

ಒಬ್ಬ ಪ್ರಾಧ್ಯಾಪಕರು: ಕಾಯ್ದೆಯ ಅನುಸೂಚಿ, ಪಟ್ಟಿ ಇವೆಲ್ಲ ಯಾವಾಗಲೂ ಪ್ರಥಮ ಪುರುಷದಲ್ಲೇ ಇರ್ತಾವಲ್ಲಪ್ಪಾ. ಅಲ್ಲಿ 'ನಾವು' ಹುಡುಕೋದು ಪ್ರಕಾರಕ್ಕೆ ಅನ್ಯಾಯ ಆಗಲ್ವಾ?

ಉತ್ತರ: ಒಪ್ಪುತ್ತೀನಿ ಸರ್. ಪೀಠಿಕೆಯನ್ನೂ ಪಟ್ಟಿಯನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಬರಹದಲ್ಲಿ ಆ ಮಾತು ಸೇರಿಸ್ತೀನಿ. ಆದರೆ ಪ್ರಕಾರವೂ ಒಂದು ಆಯ್ಕೆಯೇ. 1953ರಲ್ಲಿ ನೇಮಕವಾದ ಫಜಲ್ ಅಲಿ ಆಯೋಗದ ವರದಿ ಬೀದರ್ ಜಿಲ್ಲೆ ಒಡೆಯದೆ ಹೈದರಾಬಾದಿನಲ್ಲೇ ಇರಲಿ ಅಂದಿತ್ತು. ವರದಿ ಕಾರಣ ಹೇಳುತ್ತೆ, ನಾವು ಅದರ ಜೊತೆ ಜಗಳ ಆಡಬಹುದು. ಕಾಯ್ದೆ ಆ ಜಿಲ್ಲೆಯನ್ನು ಮೂರು ರಾಜ್ಯಕ್ಕೆ ಹಂಚಿತು, ಯಾಕೆ ಅಂತ ಅದರ ಪಟ್ಟಿ ಹೇಳಲ್ಲ. ನನ್ನ ತಕರಾರು ಆ ಮೌನದ ಬಗ್ಗೆ.

ಒಬ್ಬ ಸಹಪಾಠಿ: ಅಮೆರಿಕದಲ್ಲಿ ಒಪ್ಪಿಗೆ ಬೇಕು ಅಂತೀಯಲ್ಲ, ವೆಸ್ಟ್ ವರ್ಜೀನಿಯಾ ಹೇಗಾಯ್ತು ಮತ್ತೆ?

ಉತ್ತರ: ಒಳ್ಳೇ ಪ್ರಶ್ನೆ. 1863ರಲ್ಲಿ, ಅಂತರ್ಯುದ್ಧದ ನಡುವೆ. ವರ್ಜೀನಿಯಾ ಒಕ್ಕೂಟ ಬಿಟ್ಟಾಗ, ಒಕ್ಕೂಟದ ಪರ ಇದ್ದವರು ವೀಲಿಂಗ್‌ನಲ್ಲಿ ತಮ್ಮದೇ ವರ್ಜೀನಿಯಾ ಸರ್ಕಾರ ಮಾಡಿಕೊಂಡರು, ಅದರಿಂದಲೇ ಒಪ್ಪಿಗೆ ಪಡೆದರು. ಒಪ್ಪಿಗೆಯೂ ಒಂದು ಕಟ್ಟುಕಥೆ ಆಗಬಹುದು. ಆದರೂ ಕಥೆ ಕಟ್ಟುವ ಕಷ್ಟವನ್ನಾದರೂ ಅವರು ತಗೊಳ್ಳಬೇಕಾಯ್ತು. ನಮ್ಮಲ್ಲಿ ಅದೂ ಬೇಕಾಗಲಿಲ್ಲ.

ಅಧ್ಯಕ್ಷರು: ನಮ್ಮ ಸಂವಿಧಾನದ ಪೀಠಿಕೆ ತೆಲುಗಿನಲ್ಲಿ ಹೇಗಿದೆ? ಮನಮೋ, ಮೇಮೋ?

ಉತ್ತರ: 'ಮೇಮು' ಮೇಡಂ. ಶಾಲೆಯ ಪುಸ್ತಕದ ಮೊದಲ ಪುಟದಲ್ಲೇ ಇರ್ತಿತ್ತು, ದಿನಾ ನೋಡ್ತಿದ್ದೆ. ಲೋಕದ ಮುಂದೆ ನಿಂತು ಘೋಷಿಸುವಾಗ ಕೇಳಿಸಿಕೊಳ್ಳುವವರು ಹೊರಗಿನವರು, ಹಾಗಾಗಿ ವ್ಯಾಕರಣದ ಪ್ರಕಾರ ಅದೇ ಸರಿ ಇರಬೇಕು. ಆದರೆ ತರಗತಿಯಲ್ಲಿ ಕೂತು ಓದೋ ಹುಡುಗನಿಗೆ ಅವನೇ ಎದುರಿಗಿರುವವನು. ಆಗ ನನಗೆ ಅನ್ನಿಸ್ತಿದ್ದದ್ದು ನನ್ನ ಗೆಳೆಯ ಕೆರೆ ಹತ್ತಿರ ಕೇಳಿದ ಮಾತೇ.